ಎದುರು ಕುಳಿತವಳ ಪಾಲಿನ ಹಾಡು

ಹಾಡು ಕೂಡಿಸಲು ಹೋಗುವವರಿಗೆ ಕಿವಿ ಇರಬೇಕು, ಬಾಯಿ ಇರಬಾರದು ಎಂದು ನನ್ನ ಪಿಎಚ್.ಡಿ. ಮಾರ್ಗದರ್ಶಕರು ಮೊದಲ ದಿನವೇ ಹೇಳಿದ್ದರು. "ಬಾಯಿ ಇಲ್ಲಂದ್ರ ಬಸ್ಸಿನ್ಯಾಗ ಸೀಟು ಹ್ಯಾಂಗ ಸಿಗ್ತದ್ರೀ ಸರ್?" ಎಂದು ಕೇಳಿಬಿಟ್ಟೆ. ಅವರು ನಕ್ಕುಬಿಟ್ಟರು. ಅವತ್ತೇ ನಾಲ್ಕು ಮಾತು ಬೈದಿದ್ದರೆ ಒಳ್ಳೆಯದಿತ್ತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಬೀಸುವವರು, ಕುಟ್ಟುವವರು, ಕಳೆ ತೆಗೆಯುವವರು, ನಂದೂರಿನ ದಾಲ್ ಮಿಲ್ಲುಗಳಲ್ಲಿ ಬೇಳೆ ಹಸನು ಮಾಡುವವರು, ಹೀಗೆ ಎಷ್ಟೋ ಹೆಂಗಸರ ಬಾಯಿಂದ ಹಾಡು ಬರಿಸಿದ್ದೇನೆ. ಒಬ್ಬಳ ಬಾಯಿ ಮಾತ್ರ ನಾನೇ ಮುಚ್ಚಿಸಿದೆ. ಅದನ್ನು ಮತ್ತೆ ತೆರೆಸುವಷ್ಟರಲ್ಲಿ ಹನ್ನೆರಡು ವರ್ಷ ಕಳೆದಿದ್ದವು. ಆ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಕಲಬುರಗಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಜೇವರ್ಗಿ ಕಾಲೋನಿಯಲ್ಲಿ ಬಾಡಿಗೆ ಮನೆ, ಸರಕಾರಿ ನೌಕರಿಯ ಗಂಡ, ನನಗಿಂತ ಜೋರು ಬಾಯಿಯ ಅತ್ತೆ. ಗಂಡನ ಗೆಳೆಯರೊಬ್ಬರು ದುಬೈಯಿಂದ ತಂದುಕೊಟ್ಟ ಟೇಪ್ ರೆಕಾರ್ಡರ್ ನನ್ನ ದೊಡ್ಡ ಆಸ್ತಿ. ಭಾನುವಾರ ಬಂತೆಂದರೆ ಅದನ್ನು ಟವೆಲಿನಲ್ಲಿ ಸುತ್ತಿ, ಹೆಗಲಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಡುತ್ತಿದ್ದೆ. ಅತ್ತೆ ಕಟ್ಟೆಯ ಮೇಲೆ ಕುಳಿತು, ಪಕ್ಕದ ಮನೆಯವರಿಗೂ ಕೇಳುವಂತೆ ಹೇಳುತ್ತಿದ್ದರು: "ನಮ್ಮ ಸೊಸಿ ನೋಡ್ರೀ, ಮನ್ಯಾಗ ಹಿಟ್ಟು ನಾದಾಕ ಫುರ್ಸತ್ತಿಲ್ಲ. ಮಂದಿ ಮನ್ಯಾಗ ಬೀಸೂದು ನೋಡಾಕ ಹೊಂಟಾಳ." ಹಾಗೆಂದವರೇ ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿ ನನ್ನ ಚೀಲದಲ್ಲಿ ಇಟ್ಟಿರುತ್ತಿದ್ದರು. ಅವರ ಮಾತು ಕೇಳಿ ಸಿಟ್ಟು ಬರುತ್ತಿತ್ತು, ಬುತ್ತಿ ಬಿಚ್ಚಿದಾಗ ಇಳಿಯುತ್ತಿತ್ತು.

ಬೀಸುವ ಪದಗಳೇ ನನ್ನ ವಿಷಯ. ಆ ಹೊತ್ತಿಗೆ ಹಳ್ಳಿಹಳ್ಳಿಗೆ ಹಿಟ್ಟಿನ ಗಿರಣಿ ಬಂದಾಗಿತ್ತು. ಆದರೆ ನಮ್ಮ ಕಡೆ ತೊಗರಿ ಬೆಳೆಯುವ ಮನೆಗಳಲ್ಲಿ ಉಣ್ಣುವಷ್ಟು ಬೇಳೆಯನ್ನು ಹೆಂಗಸರು ಮನೆಯಲ್ಲೇ ಬೀಸುಕಲ್ಲಿಗೆ ಹಾಕಿ ಒಡೆಯುತ್ತಿದ್ದರು. ಹಾಗಾಗಿ ಕಲ್ಲು ಇನ್ನೂ ಮೂಲೆ ಸೇರಿರಲಿಲ್ಲ, ಹಾಡೂ ಸೇರಿರಲಿಲ್ಲ. ಕಮಲಾಪುರದಲ್ಲಿ ಒಬ್ಬಾಕೆ ಇದ್ದಾಳೆ, ಆಕೆ ಹಾಡಲು ಕುಳಿತರೆ ಕಲ್ಲೂ ಕೇಳುತ್ತದೆ ಎಂದು ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಹೇಳಿದ್ದರು. ಒಂದು ಭಾನುವಾರ ಹುಮನಾಬಾದ ಬಸ್ಸು ಹತ್ತಿ ಹೊರಟೆ. ಕಮಲಾಪುರದಲ್ಲಿ ಬಸ್ಸು ನಿಲ್ಲುವುದೇ ತಡ, ಕೆಂಪು ಬಾಳೆಹಣ್ಣಿನ ಬುಟ್ಟಿಗಳು ಕಿಟಕಿಯೊಳಗೆ ನುಗ್ಗುತ್ತವೆ. ನಾನು ಒಂದು ಹಣ್ಣನ್ನೂ ಕೊಳ್ಳದೆ, ವಿದುಷಿಯ ಗತ್ತಿನಲ್ಲಿ ಇಳಿದು ನಡೆದೆ.

ಅದು ಅಣ್ಣತಮ್ಮಂದಿರ ಒಟ್ಟು ಸಂಸಾರ. ಅಣ್ಣನ ಹೆಂಡತಿಯೇ ನಾನು ಹುಡುಕಿ ಬಂದ ಹಾಡುಗಾರ್ತಿ. ನಲವತ್ತೈದರ ಆಸುಪಾಸು, ಗಟ್ಟಿ ಮೈ, ಗಟ್ಟಿ ದನಿ. ತಮ್ಮನ ಹೆಂಡತಿ ಆಕೆಗಿಂತ ಏಳೆಂಟು ವರ್ಷ ಚಿಕ್ಕವಳು, ಸಣ್ಣಗೆ ಬೆಳ್ಳಗೆ, ಕಣ್ಣಲ್ಲೇ ನಗುವವಳು. ಹಿರಿಯಕ್ಕ, ಕಿರಿಯಕ್ಕ ಎಂದು ಕರೆಯುತ್ತೇನೆ. ಆ ನೆಗೆಣ್ಣಿಯರಿಬ್ಬರೂ ಅಂಗಳದ ಕೋಣೆಯಲ್ಲಿ ಕಲ್ಲಿನ ಎದುರುಬದುರು ಕುಳಿತಿದ್ದರು. ಒಂದೇ ಗೂಟಕ್ಕೆ ನಾಲ್ಕು ಕೈ. ಕಲಿಸುವ ಹೆಂಗಸು ಎಂದು ಗೊತ್ತಾದ ಮೇಲೆ ಇಬ್ಬರೂ ನನ್ನನ್ನು 'ಬಾಯಾರ' ಎಂದೇ ಕರೆದರು.

ನನ್ನ ಶಿಸ್ತು ನೋಡಿ. ಕಲ್ಲಿನ ಗರಗರ ಟೇಪಿನಲ್ಲಿ ಬೀಳುತ್ತದೆ ಎಂದು ಬೀಸುವುದನ್ನು ನಿಲ್ಲಿಸಿದೆ. ಕೋಳಿಗಳನ್ನು ಓಡಿಸಿದೆ. ಕದ ಮುಂದೆ ಮಾಡಿದೆ. ಬೀಸುವಾಗ ಇಬ್ಬರು ಕೂಡುತ್ತಾರೆ, ಒಬ್ಬಳು ಹಾಡಿದ್ದನ್ನೇ ಎರಡನೆಯವಳು ಎತ್ತಿ ಹಾಡುತ್ತಾಳೆ ಎಂದು ಪುಸ್ತಕಗಳಲ್ಲಿ ಓದಿದ್ದೆ. ಹಾಡಿದ್ದೇ ಹಾಡಿದರೆ ಟೇಪು ದಂಡ ಎಂದು ಒಬ್ಬರನ್ನೇ ಹಾಡಿಸುವುದು ನನ್ನ ರೂಢಿ. ಮೊದಮೊದಲು ಸ್ವಲ್ಪ ಗಲಿಬಿಲಿಯಾಯಿತು. ಕಿರಿಯಕ್ಕ ಎದ್ದು ಹೋದಳು. ಆಕೆ ಯಾಕೆ ಎದ್ದು ಹೋದಳು ಎಂದು ನಾನು ಕೇಳಲೂ ಇಲ್ಲ. ಹಿರಿಯಕ್ಕ ಕಲ್ಲಿಲ್ಲದೆ, ತೊಗರಿಯಿಲ್ಲದೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹಾಡಿದಳು.

ಹೊತ್ತು ಮುಳುಗಿತು ತಾಯಿ, ಹೊಲದೆತ್ತು ಬಂದಾವ
ಎತ್ತಿನ ಹಿಂದ ಬರಲಿಲ್ಲ, ನನ ರಾಯ
ಎತ್ತ ಹೋದಾನ ಹೇಳ ನೀ

ಇಷ್ಟು ಹಾಡಿ ಸುಮ್ಮನಾದಳು. ಒಂದು ಉಸಿರಿನಷ್ಟು ಹೊತ್ತು ಬಿಟ್ಟು ಮುಂದಿನದು.

ಕದವ ಮುಚ್ಯಾಳ ಅತ್ತಿ, ಕರದರ ಓ ಅನ್ನಳ
ಎದಿಯು ಕಲ್ಲೇನ ಹಡದವ್ವ, ನಮ್ಮತ್ತಿ
ಕದದ ಹಿಂದೇನ ಮಾಡ್ಯಾಳ

ಮತ್ತೆ ಸುಮ್ಮನೆ. ಹೀಗೆ ಒಂದಾದ ಮೇಲೊಂದು ನಲವತ್ತಕ್ಕೂ ಹೆಚ್ಚು ಪದ. ಎಲ್ಲವೂ ಪ್ರಶ್ನೆಯೇ. ಬಾವಿಗೆ ಪ್ರಶ್ನೆ, ಒಲೆಗೆ ಪ್ರಶ್ನೆ, ತವರಿಗೆ ಪ್ರಶ್ನೆ. ಒಂದಕ್ಕೂ ಉತ್ತರವಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗಲೇ ನನ್ನ ಪ್ರಬಂಧದ ಅಧ್ಯಾಯಕ್ಕೆ ಹೆಸರು ಹೊಳೆಯಿತು: 'ಉತ್ತರವಿಲ್ಲದ ಪ್ರಶ್ನೆಗಳು'.

ಏನು ಹೇಳಲಿ ಆ ಅಧ್ಯಾಯದ ವೈಭವ! ಬರುವ ದಾರಿ ಕಾಯುವ ಹೆಣ್ಣು, ತೆರೆಯದ ಕದ, ಕಲ್ಲೆದೆಯ ಅತ್ತೆ. ಪ್ರತಿ ಪದದ ನಂತರ ಹಾಡುಗಾರ್ತಿ ಒಂದು ಉಸಿರು ಸುಮ್ಮನಾಗುತ್ತಾಳಲ್ಲ, ಆ ಮೌನದ ಮೇಲೆಯೇ ಆರು ಪುಟ ಬರೆದೆ. ಹೆಣ್ಣಿನ ಮಾತಿಗೆ ಈ ಲೋಕದಲ್ಲಿ ಯಾರೂ ಓಗೊಡುವುದಿಲ್ಲ, ಆ ಸಂಗತಿಯನ್ನು ಜನಪದ ಹೆಣ್ಣು ತನ್ನ ಮೌನದಲ್ಲೇ ಹೇಳುತ್ತಾಳೆ ಎಂದು ಬರೆದೆ. ಬರೆಯುವಾಗ ನಾನೇ ಅತ್ತಿದ್ದೆ. ಪದವಿ ಬಂತು, ಪುಸ್ತಕ ಬಂತು. ವಿಚಾರಗೋಷ್ಠಿಗಳಲ್ಲಿ ನನ್ನನ್ನು ಆ ಅಧ್ಯಾಯದ ಹೆಸರಿನಿಂದಲೇ ಗುರುತು ಹಿಡಿಯತೊಡಗಿದರು. ಪುಸ್ತಕದಲ್ಲಿ ಹಿರಿಯಕ್ಕನ ಭಾವಚಿತ್ರ ಹಾಕಿಸಿದ್ದೆ. ಒಂದು ಪ್ರತಿ, ಒಂದು ಸೀರೆ, ಒಂದು ಹೂವಿನ ಹಾರ ತೆಗೆದುಕೊಂಡು ಕಮಲಾಪುರಕ್ಕೆ ಹೋಗಿ, ನಾಲ್ಕು ಜನ ಸೇರಿದ ಅಂಗಳದಲ್ಲಿ ಆಕೆಗೆ ಹಾರ ಹಾಕಿ ಬಂದೆ. ಹಿರಿಯಕ್ಕನ ಮುಖ ಅವತ್ತು ಯಾಕೋ ಅರಳಿರಲಿಲ್ಲ. ಬಡವರಿಗೆ ಸನ್ಮಾನವೆಂದರೆ ಸಂಕೋಚ ಎಂದು ಅದಕ್ಕೂ ನಾನೇ ಒಂದು ಅರ್ಥ ಕೊಟ್ಟುಕೊಂಡೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಕ್ಯಾಸೆಟ್ಟುಗಳು ಅಲಮಾರಿಯಲ್ಲಿ ಸೀರೆಗಳ ಹಿಂದೆ ಕುಳಿತು ಬೂಷ್ಟು ಹಿಡಿಯುತ್ತಿದ್ದವು. ಅವನ್ನೆಲ್ಲ ಸಿ.ಡಿ.ಗೆ ಹಾಕಿಸೋಣವೆಂದು ಸೇಡಂ ರಸ್ತೆಯಲ್ಲಿದ್ದ ಒಂದು ಸ್ಟುಡಿಯೋಕ್ಕೆ ಕೊಟ್ಟೆ. ಮದುವೆ ವಿಡಿಯೋ ಮಾಡುವ ನಡುವಯಸ್ಸಿನ ಮನುಷ್ಯ, ಹಾಡಿನ ಹುಚ್ಚಿದ್ದವನು. ಮೂರನೆಯ ದಿನ ಹೋದಾಗ ಕಿವಿಯ ಹೆಡ್‌ಫೋನು ತೆಗೆದು ನನ್ನತ್ತ ಚಾಚಿದ.

"ಮೇಡಂ, ಈ ಕ್ಯಾಸೆಟ್ಟಿನ್ಯಾಗ ಶುರುವಿಗೇ ನೀವು ಯಾರಿಗೋ ಬೈಯಾಕತ್ತೀರಿ. ಕಟ್ ಮಾಡ್ಲೇನ್ರೀ? ಸಾಫ್ ಆಗ್ತದ."

"ನಾ ಯಾರಿಗೂ ಬೈಯೂ ಪೈಕಿ ಅಲ್ಲ" ಎಂದೆ.

"ಕೇಳ್ರಿ ಮತ್ತ."

ಕೇಳಿದೆ. ಕಮಲಾಪುರದ ಕ್ಯಾಸೆಟ್ಟು. ಹಿಂದೆ ಹಾಡನ್ನು ಬರೆದುಕೊಳ್ಳುವಾಗ ನಾನು ಶುರುವಿನ ಮಾತುಕತೆಯನ್ನೆಲ್ಲ ಮುಂದಕ್ಕೆ ಓಡಿಸಿ, ಹಾಡು ನೆಟ್ಟಗೆ ಹಿಡಿದಲ್ಲಿಂದ ಬರೆಯುತ್ತಿದ್ದೆ. ತನ್ನ ದನಿ ತಾನು ಕೇಳುವುದು ಯಾರಿಗೆ ತಾನೆ ಇಷ್ಟ? ಈಗ ಮೊದಲಿನಿಂದ ಕೇಳಿದೆ. ಹಿರಿಯಕ್ಕ ಮೊದಲ ಪದ ಹಾಡುತ್ತಾಳೆ, 'ಎತ್ತ ಹೋದಾನ ಹೇಳ ನೀ'. ಕೂಡಲೇ ಇನ್ನೊಂದು ದನಿ, ತೆಳ್ಳಗೆ, ನಗು ತುಂಬಿಕೊಂಡು, 'ಹಾದ್ಯಾಗ' ಎಂದು ಎತ್ತುತ್ತದೆ. ಅದರ ಮೇಲೆ ನನ್ನ ಗಂಟಲು ಬೀಳುತ್ತದೆ.

"ಏ ಏ, ನೀವು ಸುಮ್ಮನ ಕೂಡ್ರೀ! ಒಬ್ಬರೇ ಹಾಡಬೇಕು. ಟೇಪು ಹಾಳಾಗ್ತದ."

ಹಿರಿಯಕ್ಕ ಹೇಳುತ್ತಾಳೆ: "ಆಕಿ ಇಲ್ದ ಹ್ಯಾಂಗ್ರೀ ಬಾಯಾರ? ಆಕೀದೂ ಅದರಾಗ ಅದ."

"ಅದೆಲ್ಲ ನನಗ ಗೊತ್ತದ. ನೀವ ಹಾಡ್ರಿ."

ಈ ಮಾತಿನ ನಡುವೆಯೇ ಬಳೆಯ ಸದ್ದು, ಕದದ ಸದ್ದು. ಆಮೇಲೆ ಹಿರಿಯಕ್ಕ ಒಬ್ಬಳೇ, ಮೊದಲಿನಿಂದ.

ನಾನು ಇಂಗು ತಿಂದ ಮಂಗನ ಹಾಗೆ ಕುಳಿತೆ. 'ಹಾದ್ಯಾಗ'. ಎತ್ತ ಹೋದ ಎಂದು ಕೇಳಿದರೆ ಹಾದಿಯಲ್ಲಿ ಎಂದು ಆಕೆ ಹೇಳಹೊರಟಿದ್ದಳು. ಅದು ಮರುದನಿಯಲ್ಲ, ಉತ್ತರ. ನಾನು ಆರು ಪುಟ ಬರೆದು ಅತ್ತ ಆ ಮೌನ ನೆಗೆಣ್ಣಿಯ ಸರದಿಗೆ ಬಿಟ್ಟ ಜಾಗವಾಗಿತ್ತು. ಅದನ್ನು ಮೌನ ಮಾಡಿದವಳು ನಾನೇ. ಅಯ್ಯೋ ದೇವರೇ, ನನ್ನ ಪಾಂಡಿತ್ಯಕ್ಕಿಷ್ಟು ಬೆಂಕಿ ಹಾಕ!

ಸ್ಟುಡಿಯೋದವನು ಪಾಪ, ನನ್ನ ಮುಖ ನೋಡಿ ಚಹಾ ತರಿಸಿದ. "ಕಟ್ ಮಾಡ್ಬ್ಯಾಡ್ರಿ" ಎಂದೆ. "ಒಂದು ಅಕ್ಷರಾನೂ ಕಟ್ ಮಾಡ್ಬ್ಯಾಡ್ರಿ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರಿಗೆ ಆಗ ಎಂಬತ್ತು ಸಮೀಪಿಸಿತ್ತು, ಬಾಯಿ ಮಾತ್ರ ಹಾಗೇ ಇತ್ತು. "ಇಬ್ಬರು ಕುಂತು ಬೀಸೂ ಹಾಡಿನ್ಯಾಗ ಒಬ್ಬಾಕೀನ ಎಬ್ಬಿಸಿ ಕಳಿಸೀಯೇನು? ಇದಕ್ಕ ನಿನಗ ಡಾಕ್ಟರ್ ಅಂತ ಬ್ಯಾರೆ ಕೊಟ್ಟಾರ" ಎಂದರು. ಆಮೇಲೆ, "ಹೋಗಿ ತಪ್ಪಾತು ಅನ್ನು. ಖಾಲಿ ಕೈಲೇ ಹೋಗಬ್ಯಾಡ, ತೊಗರಿ ಒಯ್ಯಿ. ಬರೇ ಕಲ್ಲು ತಿರವಬಾರದು" ಎಂದು ತಾವೇ ಎರಡು ಸೇರು ತೊಗರಿ ಅಳೆದು ಚೀಲಕ್ಕೆ ಹಾಕಿದರು.

ಕಮಲಾಪುರದ ಆ ಅಂಗಳದ ನಡುವೆ ಈಗ ಒಂದು ಗೋಡೆ ಇತ್ತು. ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ಬೀಸುಕಲ್ಲಿನ ಕೋಣೆ ಹಿರಿಯಕ್ಕನ ಪಾಲಿಗೆ ಬಂದಿತ್ತು. ಒಳಗೆ ಕಾಲಿಡುವ ಮೊದಲೇ ದನಿ ಕೇಳಿಸಿತು. ಅದೇ ಹಾಡು. ಒಬ್ಬಳೇ ಕುಳಿತು ಒಂದು ಕೈಯಲ್ಲಿ ಗೂಟ ತಿರುವುತ್ತಿದ್ದಳು. ಒಂದು ಪದ ಹಾಡುವಳು, ಕಲ್ಲು ನಾಲ್ಕು ಸುತ್ತು ತಿರುಗುವವರೆಗೆ ಸುಮ್ಮನಿರುವಳು, ಮುಂದಿನ ಪದಕ್ಕೆ ಹೋಗುವಳು. ಆ ಪದ ಮುಗಿಯುವವರೆಗೆ ಬಾಗಿಲಲ್ಲೇ ನಿಂತಿದ್ದು ಒಳಗೆ ಹೋದೆ.

ಕುಳಿತು, ಟೇಪಿನ ಸಂಗತಿ ಹೇಳಿ, "ಅವತ್ತ ಯಾಕ ನನಗ ಬಿಡಿಸಿ ಹೇಳ್ಲಿಲ್ಲರೀ ಅಕ್ಕಾರ?" ಎಂದು ಕೇಳಿದೆ.

"ಹೇಳಿದೆ. ಗೊತ್ತದ ಅಂದ್ರಿ. ಕಲ್ತವ್ರು ನೀವು, ಅರ್ಧಾನೇ ಬೇಕಾಗ್ಯದ ಅಂತ ತಿಳಕೊಂಡೆ" ಎಂದಳು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೇ ಹಗುರಾಗುತ್ತಿತ್ತು.

ಆಕೆಯೇ ಹೇಳಿದ್ದು ಇದು. ಆ ಹಾಡು ಅವರ ಅತ್ತೆಯದು. ಅತ್ತೆಗೆ ಇಬ್ಬರೇ ಸೊಸೆಯರು, ಇಬ್ಬರೂ ಬೇರೆ ಬೇರೆ ಊರಿನವರು, ಬಂದ ಹೊಸದರಲ್ಲಿ ಎತ್ತು ಏರಿಗೆ ಕೋಣ ನೀರಿಗೆ. ಅತ್ತೆ ಹಾಡು ಕಲಿಸುವಾಗ ಒಂದು ಉಪಾಯ ಮಾಡಿದಳು. ಕೇಳುವ ಪದಗಳನ್ನಷ್ಟೇ ಹಿರಿಯ ಸೊಸೆಗೆ, ಜವಾಬು ಪದಗಳನ್ನಷ್ಟೇ ಕಿರಿಯ ಸೊಸೆಗೆ. ಒಬ್ಬಳದು ಇನ್ನೊಬ್ಬಳು ಹಾಡಬಾರದೆಂದು ಆಣೆ ಮಾಡಿಸಿದ್ದಳು. ಸಿಟ್ಟು ಬಂದು ಮುಖ ತಿರುಗಿಸಿದರೂ ಬೀಸಲು ಕೂಡಲೇಬೇಕು, ಬೀಸಲು ಕುಳಿತರೆ ಹಾಡಲೇಬೇಕು, ಹಾಡಿದರೆ ಮಾತಾಡಿದಂತೆಯೇ ಆಯಿತು.

"ಮನಿ ಒಡೀಬಾರದಂತ ಹಾಡು ಒಡದು ಕೊಟ್ಟಿದ್ಲು ನಮ್ಮತ್ತಿ" ಎಂದಳು ಹಿರಿಯಕ್ಕ. "ನಾವು ಇಪ್ಪತ್ತು ವರ್ಷ ಜಗಳಾಡೀವಿ, ಇಪ್ಪತ್ತು ವರ್ಷ ಕೂಡಿ ಬೀಸೀವಿ."

"ಮತ್ತ ಈ ಗ್ವಾಡಿ?"

"ಗ್ವಾಡಿಗಿ ಬ್ಯಾರೆ ಕಾರಣಾನೂ ಅವ. ಹೊಲ, ಮಕ್ಕಳು, ನೂರಾ ಎಂಟು. ಖರೆ ಮೊದಲ್ನೇ ಕಲ್ಲು ನೀವ ಇಟ್ಟೀರಿ ನೋಡ್ರಿ." ಆಕೆ ಗೂಟದ ಮೇಲಿನ ಕೈ ತೆಗೆಯಲಿಲ್ಲ. "ಆಕೀನ್ನ ನಾನ ಎಬ್ಬಿಸೀನಂತ. ನನ್ನ ಒಬ್ಬಾಕಿ ಹೆಸರು ಬರಲಂತ ನಿಮಗ ಹೇಳಿಕೊಟ್ಟೀನಂತ. ಪುಸ್ತಕದಾಗ ಫೋಟೋ ಬಂತಲ್ಲ, ಅವತ್ತಿಂದ ನನ್ನ ಮುಂದ ಕುಂತಿಲ್ಲ. ನಾ ಎಷ್ಟು ಆಣಿ ಮಾಡಿದ್ರೂ ನಂಬಿಲ್ಲ. ಈಗ ನನಗ ಅರವತ್ತು ಬಂತು, ಕೈಯಾಗ ಕಸುವಿಲ್ಲ. ನಾ ಕೇಳಿಕೋತ ಸತ್ತ ಹೋಗ್ತೀನಿ, ಜವಾಬು ಆಕಿ ಬಾಯಾಗ ಉಳಿತದ."

ಆಮೇಲೆ ಅತ್ತಳು. ನಾನೂ ಅತ್ತೆ. ನನ್ನ ಅಧ್ಯಾಯ ಸುಟ್ಟು ಹೋಗಲಿ, ಪದವಿ ಹೋಗಲಿ, ಈ ಇಬ್ಬರು ಮತ್ತೆ ಎದುರುಬದುರು ಕುಳಿತರೆ ಸಾಕು ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ. ಜೊತೆಗೆ ಆ ಉತ್ತರಗಳೇನು ಎಂದು ತಿಳಿಯುವ ಆಸೆಯೂ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಗೋಡೆಯನ್ನು ಬಳಸಿ ಬೀದಿಯಿಂದ ಕಿರಿಯಕ್ಕನ ಮನೆಗೆ ಹೋದೆ. ಆಕೆ ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದಳು, ನೀರು ಕೊಟ್ಟಳು, ಮೊರದಿಂದ ಕಣ್ಣೆತ್ತಲಿಲ್ಲ.

"ಈ ಮನಿ ತಪ್ಪಿ ಬಂದೀರಿ ಬಾಯಾರ. ಫೋಟೋದಾಕಿ ಮನಿ ಆ ಕಡಿ ಅದ" ಎಂದಳು.

"ನಿಮ್ಮ ಮನೀಗೇ ಬಂದೀನಿ ಅಕ್ಕಾರ. ತಪ್ಪಾತು ಅನ್ನಾಕ."

"ನೀವ್ಯಾಕ ತಪ್ಪಾತು ಅಂತೀರಿ? ಆಕಿ ಅನ್ಲಿ. ಆಕಿ ದೊಡ್ಡಾಕಿ, ಪುಸ್ತಕದಾಗ ಬಂದಾಳ. ನಾ ಬರೇ ಬೀಸಾಕಿ."

ನಾನು ಮಾತಾಡಿದರೆ ಮತ್ತೇನಾದರೂ ಕೆಡಿಸುತ್ತೇನೆಂದು ಟೇಪ್ ರೆಕಾರ್ಡರ್ ತೆಗೆದು ಕಟ್ಟೆಯ ಮೇಲಿಟ್ಟು ಹಚ್ಚಿದೆ. ಹಿರಿಯಕ್ಕನ ಪದ ಬಂತು. ಹಿಂದೆಯೇ ಕಿರಿಯಕ್ಕನದೇ ದನಿ, 'ಹಾದ್ಯಾಗ' ಎಂದು, ಹನ್ನೆರಡು ವರ್ಷ ಚಿಕ್ಕದು. ಮೊರ ನಿಂತಿತು. ನನ್ನ ಗದರಿಕೆ ಬಂತು. ಆಮೇಲೆ 'ಆಕಿ ಇಲ್ದ ಹ್ಯಾಂಗ್ರೀ ಬಾಯಾರ? ಆಕೀದೂ ಅದರಾಗ ಅದ.'

"ನಾ ಅಷ್ಟೊತ್ತಿಗಿ ಎದ್ದು ಹೊಂಟಿದ್ದೆ" ಎಂದಳು ಕಿರಿಯಕ್ಕ, ತನಗೆ ತಾನೇ ಹೇಳಿಕೊಳ್ಳುವಂತೆ. "ಸಿಟ್ಟಿನ್ಯಾಗ ಕೇಳಸೇ ಇಲ್ಲ." ಆಮೇಲೆ ನನ್ನತ್ತ ನೋಡಿ, "ಇನ್ನೊಮ್ಮಿ ಹಚ್ಚರಿ" ಎಂದಳು.

ಹಚ್ಚಿದೆ. ಮೂರು ಸಲ ಕೇಳಿದಳು. ಮೂರನೆಯ ಸಲ ನನ್ನ ಗದರಿಕೆ ಬಂದಾಗ, "ಎಷ್ಟು ಜೋರು ಬಾಯಿರೀ ನಿಮ್ದು" ಎಂದು ಬೈದಳು. ಬೈಸಿಕೊಂಡು ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಸೆರಗು ಝಾಡಿಸಿ ಎದ್ದಳು. "ಬೀಸಾಕ ಬರ್ತೀನಿ. ಹಾಡಂಗಿಲ್ಲ. ಮೊದಲ ಹೇಳೀನಿ" ಎಂದು ಹೇಳಿ ನನಗಿಂತ ಮುಂದೆ ನಡೆದಳು.

ಆಕೆಯನ್ನು ಕಂಡು ಹಿರಿಯಕ್ಕ ಗೂಟದ ಮೇಲಿನ ತನ್ನ ಕೈಯನ್ನು ಸ್ವಲ್ಪ ಕೆಳಗೆ ಸರಿಸಿ ಜಾಗ ಮಾಡಿದಳು. ಕಿರಿಯಕ್ಕ ಎದುರು ಕುಳಿತು ಕೈ ಹಾಕಿದಳು. ನಾನು ತಂದ ತೊಗರಿಯನ್ನು ಮೊರಕ್ಕೆ ಸುರಿದು, ಹೊಸ ಕ್ಯಾಸೆಟ್ಟು ಹಾಕಿ ಟೇಪು ಹಚ್ಚಿ, ಕದ ತೆರೆದೇ ಇಟ್ಟು ಕುಳಿತೆ. ಕಲ್ಲು ಗರಗರ ಎಂದಿತು, ಅನ್ನಲಿ. ಒಂದು ಕೋಳಿ ಒಳಗೆ ಬಂದು ಬಿದ್ದ ಕಾಳು ಹೆಕ್ಕತೊಡಗಿತು, ಹೆಕ್ಕಲಿ.

ಹಿರಿಯಕ್ಕ ಮೊದಲ ಪದ ಎತ್ತಿದಳು. ಎತ್ತ ಹೋದಾನ ಹೇಳ ನೀ. ಕಿರಿಯಕ್ಕನ ತುಟಿಗಳು ಬಿಗಿದೇ ಇದ್ದವು. ನಾಲ್ಕು ಸುತ್ತು. ಹಿರಿಯಕ್ಕ ಮುಂದಿನ ಪದಕ್ಕೆ ಹೋಗಲಿಲ್ಲ, ಅದನ್ನೇ ಮತ್ತೆ ಹಾಡಿದಳು. ಮತ್ತೆ ಸುಮ್ಮನೆ. ಇದು ಆಗುವ ಮಾತಲ್ಲ ಎಂದುಕೊಂಡೆ. ಮೂರನೆಯ ಸಲ ಹಾಡುವಾಗ ಹಿರಿಯಕ್ಕನ ದನಿ ಒಡೆಯಿತು. ಕಿರಿಯಕ್ಕ ತಲೆ ಬಗ್ಗಿಸಿದವಳು, ಕಲ್ಲಿಗೆ ಹೇಳುವಂತೆ, ಹಾಡಿದಳು.

ಹಾದ್ಯಾಗ ಕಂಡಾವ ಕೆಂಪನ್ನ ಬಾಳಿಹಣ್ಣ
ಕಾದು ಬೇಲಿಯ ಹಾರ್ಯಾನ, ಎತ್ತಿನಂಗ
ಮೇದು ಬರತಾನ ತಡಿಯಕ್ಕ

ನಾನು ಹೌಹಾರಿದೆ. ಕಾಯುವ ಹೆಣ್ಣಿನ ಅನಂತ ವೇದನೆ ಎಂದು ನಾನು ಬರೆದದ್ದು ಬಾಳೆಹಣ್ಣು ಕದ್ದು ತಿನ್ನಲು ಹೋದ ಗಂಡನ ಕತೆಯಾಗಿತ್ತು! ಹಿರಿಯಕ್ಕನ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ತಡಮಾಡದೆ ಅತ್ತೆಯ ಪದ ಎತ್ತಿದಳು: ಕರೆದರೆ ಓ ಎನ್ನದ ಆ ಕಲ್ಲೆದೆಯ ಅತ್ತೆ, ಆ ತೆರೆಯದ ಕದ, ಹೆಣ್ಣಿನ ಲೋಕದ ಎಲ್ಲ ಕದಗಳಿಗೂ ಗುರುತು ಎಂದು ನಾನು ಬರೆದಿದ್ದ ಕದ. ಜವಾಬು ಈ ಸಲ ಕಲ್ಲಿನ ಒಂದು ಸುತ್ತೂ ಕಾಯಲಿಲ್ಲ.

ತುಪ್ಪ ಕಾಯಿಸ್ಯಾಳ ಅತ್ತಿ, ಹೋಳಿಗಿ ಹಚ್ಚ್ಯಾಳ
ತಪ್ಪದ ನಿನಗೂ ಇಟ್ಟಾಳ, ಬಾಯಿ ತುಂಬಿ
ಸಪ್ಪಳ ಬರವೊಲ್ದು ಒಳಗಿಂದ

ಅತ್ತೆ ಓ ಎನ್ನದಿದ್ದದ್ದು ಬಾಯಿ ತುಂಬ ಹೋಳಿಗೆ ಇದ್ದದ್ದಕ್ಕೆ. ನಾನು ಬಿದ್ದು ಬಿದ್ದು ನಕ್ಕೆ. ಟೇಪಿನಲ್ಲಿ ಈಗಲೂ ನನ್ನ ನಗು ಕೇಳುತ್ತದೆ, ಹಾಡಿನ ಅರ್ಧ ಸಾಲು ಅದರಲ್ಲಿ ಮುಳುಗಿ ಹೋಗಿದೆ. ಆ ಅಧ್ಯಾಯದ ಗತಿ ಏನಾಯಿತೆಂದು ಇಲ್ಲೇ ಹೇಳಿ ಮುಗಿಸುತ್ತೇನೆ. ಮರುಮುದ್ರಣದಲ್ಲಿ ಅದನ್ನು ಪೂರ್ತಿ ತೆಗೆದು, ಎರಡೂ ಪಾಲನ್ನು ಎದುರುಬದುರು ಅಚ್ಚು ಹಾಕಿಸಿದೆ, ಇಬ್ಬರ ಭಾವಚಿತ್ರವನ್ನೂ ಹಾಕಿದೆ, ತಪ್ಪು ಹೇಗಾಯಿತೆಂದು ಮುನ್ನುಡಿಯಲ್ಲಿ ಬರೆದೆ. ಹಿರಿಯ ವಿದ್ವಾಂಸರೊಬ್ಬರು 'ಮೊದಲಿನ ಮೌನವೇ ಹೆಚ್ಚು ಅರ್ಥಪೂರ್ಣವಾಗಿತ್ತು' ಎಂದು ಕಾಗದ ಬರೆದರು. ಅವರಿಗೆ ಎರಡು ಡಜನ್ ಕೆಂಪು ಬಾಳೆಹಣ್ಣು ಕಳಿಸಿಕೊಟ್ಟೆ.

ಆ ಮಧ್ಯಾಹ್ನ ಮಾತ್ರ ಹಾಡು ಬಹಳ ಹೊತ್ತು ನಡೆಯಿತು. ಬಾವಿಯ ಪದಕ್ಕೆ ಬಾವಿಯ ಜವಾಬು, ತವರಿನ ಪದಕ್ಕೆ ತವರಿನದು. ಕೆಲವು ಜವಾಬಿಗೆ ಇಬ್ಬರೂ ಕೂಡಿ ನಗುತ್ತಿದ್ದರು, ಒಂದೆರಡು ನನ್ನಂಥ ಜೋರು ಬಾಯಿಯವಳೂ ಅಚ್ಚು ಹಾಕಿಸಲಾರದಂಥವು. ಬುಟ್ಟಿಯಲ್ಲಿ ಬೇಳೆ ಬಂಗಾರದ ಬಣ್ಣಕ್ಕೆ ಬೀಳುತ್ತಿತ್ತು. ನನ್ನ ಜೀವನದಲ್ಲಿ ಅಷ್ಟು ಸುಖವಾಗಿ ನಾನು ಕೂತದ್ದು ಕಡಿಮೆ.

ಕೊನೆಯ ಪದ ಬರುವ ಮೊದಲು ಹಿರಿಯಕ್ಕ ನನ್ನತ್ತ ತಿರುಗಿ, "ಇದಕ್ಕ ಕಲಿಸಿದ ಜವಾಬಿಲ್ಲರೀ ಬಾಯಾರ. ಆವತ್ತಿಂದು ಆವತ್ತಿಗಿ, ಎದುರಿನಾಕಿ ತನ್ನ ಮನಸಿಲೆ ಕಟ್ಟಬೇಕು. ಅತ್ತಿ ಹಂಗ ಬಿಟ್ಟಾಳ" ಎಂದಳು. ಆಮೇಲೆ ಹಾಡಿದಳು.

ನಾಳಿಗೆ ನಾ ಹೋದರ ಈ ಕಲ್ಲಿಗ್ಯಾರ ಗತಿ
ಜ್ವಾಳ ಹಾಕಾವ್ರು ಯಾರವ್ವ, ನನ ಹಾಡ
ಕೇಳಿ ಮರಗಾವ್ರು ಯಾರವ್ವ

ಕಲ್ಲಿನಲ್ಲಿ ಕಾಳು ಮುಗಿಯುತ್ತ ಬಂದಿತ್ತು. ಕಿರಿಯಕ್ಕ ಈ ಸಲ ಹಿರಿಯಕ್ಕನ ಮುಖವನ್ನೇ ನೋಡುತ್ತಿದ್ದಳು. ನಾಲ್ಕು ಸುತ್ತು ಕಳೆದವು, ಐದು, ಆರು.

ಸಾಯೂದು ಆಮ್ಯಾಲ, ಮೊದಲ ತೊಗರಿ ಹಾಕ
ಬಾಯೊಳಗ ಜವಾಬ ಕೊಟ್ಟೀನ, ಗ್ವಾಡ್ಯಾಚೆ
ಪ್ರಾಯ ಕಳದೀನ ನನ್ನಕ್ಕ

ಹಿರಿಯಕ್ಕನ ಕೈ ನಿಂತಿತು. "ಖರೇನೇನ?" ಎಂದು ಹಾಡಿನ ಹೊರಗೆ ಬಂದು ಕೇಳಿದಳು. "ದಿನಾ ಕೇಳ್ತಿದ್ದೇನು?"

"ದಿನಾ. ಎಲ್ಲಾ ಜವಾಬು ಕೊಟ್ಟೀನಿ, ಒಂದೂ ಬಿಟ್ಟಿಲ್ಲ" ಎಂದಳು ಕಿರಿಯಕ್ಕ. "ನೀ ಹಾಡಿದ್ದು ಊರಿಗೇ ಕೇಳಸ್ತದ, ಗ್ವಾಡಿ ಆಚಿಗಿರಾಕಿಗಿ ಕೇಳಸಂಗಿಲ್ಲೇನು? ಹಾಕ, ಹಾಕ, ಬರೇ ಕಲ್ಲು ತಿರಗಾಕತ್ತದ."

ಹಿರಿಯಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಮೊರದಿಂದ ಒಂದು ಹಿಡಿ ತೊಗರಿ ತೆಗೆದು ಕಲ್ಲಿಗೆ ಹಾಕಿದಳು.